ಎಂಜಿಎ ಕಾರಿಗೆ ಅಂಬಾಸಿಡರ್ ಎಂಜಿನ್: ತಗೋಬಹುದಾ?

ಟಿಳಕವಾಡಿಯವ:
ಎಲ್ಲರಿಗೂ ನಮಸ್ಕಾರ. ಗೋವಾದಲ್ಲಿ 1958ರ ಎಂಜಿಎ 1500 ಅನ್ನೋ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಮಾರಾಟಕ್ಕಿದೆ. ಕೆಂಪು ಬಣ್ಣ, ಎರಡೇ ಸೀಟು, ಪೂರ್ತಿ ರಿಸ್ಟೋರ್ ಮಾಡಿದ್ದಾರೆ. ಆದರೆ ಎಂಜಿನ್ ಅಂಬಾಸಿಡರ್‌ದು, ಪೆಟ್ರೋಲ್-ಗಾಳಿ ಬೆರೆಸುವ ಕಾರ್ಬುರೇಟರ್ ಒಂದೇ, ಬ್ಯಾಟರಿ ಚಾರ್ಜ್ ಮಾಡುವ ಡೈನಮೋ ತೆಗೆದು ಅದರ ಜಾಗಕ್ಕೆ ಆಲ್ಟರ್ನೇಟರ್ ಹಾಕಿದ್ದಾರೆ. "ಎರಡೂ ಒಂದೇ ಎಂಜಿನ್, ಚಿಂತೆ ಬೇಡ" ಅಂತಾರೆ ಮಾರುವವರು. ರೇಟು ಮಾತ್ರ ಒರಿಜಿನಲ್ ಗಾಡಿಯದೇ. ಚೋರ್ಲಾ ಘಾಟ್ ಕಡೆ ಓಡಿಸುವ ಆಸೆ ಬಹಳ ಇದೆ. ಏನ್ ಮಾಡ್ಲಿ?

ಉದ್ಯಮಬಾಗ ಲೇತ್:
ಅವರು ಹೇಳಿದ್ದು ಅರ್ಧ ನಿಜ. ಎರಡೂ ಬಿಎಂಸಿ ಅನ್ನೋ ಬ್ರಿಟಿಷ್ ಕಂಪನಿಯ ಬಿ-ಸೀರೀಸ್ ಎಂಜಿನ್, ಎರಡೂ 1489 ಸಿಸಿ. ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಎಂಜಿನ್ ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್ ಮಾಡುವವನು, ಅಂಬಾಸಿಡರ್ ಬ್ಲಾಕ್ (ಎಂಜಿನ್ನಿನ ಮುಖ್ಯ ಎರಕದ ಭಾಗ) ಸಾಕಷ್ಟು ನೋಡಿದ್ದೇನೆ. ಎಂಜಿಎಗೆ ಕಂಪನಿಯಿಂದಲೇ ಎರಡು ಎಸ್‌ಯು ಕಾರ್ಬುರೇಟರ್, ಕಂಪ್ರೆಷನ್ನೂ ಜಾಸ್ತಿ. ಅದು 70 ಎಚ್‌ಪಿ ಆಸುಪಾಸು, ಅಂಬಾಸಿಡರ್ 50ರ ಆಸುಪಾಸು. ಘಾಟ್ ಹತ್ತುವಾಗ ಗೊತ್ತಾಗುತ್ತದೆ.

ಆದರೂ ಎಂಜಿನ್ ಬದಲಿಸಿದ್ದಕ್ಕೆ ನನ್ನ ತಕರಾರಿಲ್ಲ. ಸಾಮಾನು ಸಿಗದ ಕಾಲದಲ್ಲಿ ಈ ಗಾಡಿಗಳು ಗುಜರಿಗೆ ಹೋಗದೆ ಉಳಿದದ್ದೇ ಹೀಗೆ. ಒಂದೇ ಜಾತಿಯ ಎಂಜಿನ್ ಆದ್ದರಿಂದ ಮುಂದೆ ಮೊದಲಿನಂತೆ ಮಾಡಬಹುದು. ಎಂಜಿಎಯ ಹಳೇ ಬ್ಲಾಕ್ ಇಟ್ಟಿದ್ದಾರಾ ಕೇಳಿ. ಸವೆದಿದ್ದರೂ ಪರವಾಗಿಲ್ಲ, ಸಿಲಿಂಡರಿನ ಒಳಗೆ ಹೊಸ ಕೊಳವೆ, ಅಂದ್ರೆ ಸ್ಲೀವ್ ಹಾಕೋಣ. ಬ್ಲಾಕ್ ಕೊಟ್ಟರೆ ಒಂದು ರೇಟು, ಇಲ್ಲದಿದ್ದರೆ ಬೇರೆ ರೇಟು.

ಇನ್ನೊಂದು, ಎಂಜಿನ್ ನಂಬರನ್ನು ಸರಿಯಾಗಿ ನೋಡಿ. ಎಂಜಿಎಯಲ್ಲಿ ಅದು ಬ್ಲಾಕಿನ ಬಲಗಡೆ ರಿವೆಟ್ ಹೊಡೆದ ಸಣ್ಣ ತಗಡಿನ ಮೇಲೆ ಇರುತ್ತದೆ. ಆ ತಗಡು ಕಿತ್ತು ಅಂಬಾಸಿಡರ್ ಬ್ಲಾಕಿಗೆ ಹೊಡೆದರೆ ಆರ್‌ಸಿ ಜೊತೆ ತಾಳೆಯಾಗಿಬಿಡುತ್ತದೆ. ಟಾರ್ಚ್ ಹಿಡಿದು ನೋಡಿ: ರಿವೆಟ್ ಹೊಸದಾ? ತಗಡಿನ ಅಂಚಿನಲ್ಲಿ ಹಳೇ ತೂತಿನ ಗುರುತು ಇದೆಯಾ?

ಗೇರ್‌ಬಾಕ್ಸ್ ಎಂಜಿಎದೇ ಇರಬೇಕು. ಹಳೇ ಅಂಬಾಸಿಡರ್‌ನಲ್ಲಿ ಗೇರ್ ಸ್ಟೇರಿಂಗ್ ಹತ್ತಿರ, ಇದರಲ್ಲಿ ನೆಲದ ಮೇಲೆ. ಬೇರೆ ಗೇರ್‌ಬಾಕ್ಸ್ ಕೂರಿಸಲು ಚಾಸಿ ಕೊಯ್ದಿದ್ದರೆ ನಾನಂತೂ ಬೇಡ ಅಂತೇನೆ. ಆಲ್ಟರ್ನೇಟರ್ ಇರಲಿ ಬಿಡಿ. ಮೊದಲು ಇದಕ್ಕೆ ಪಾಸಿಟಿವ್ ಅರ್ಥ್, ಅಂದ್ರೆ ಬ್ಯಾಟರಿಯ ಪ್ಲಸ್ ತುದಿ ಬಾಡಿಗೆ ಜೋಡಣೆ, ಸೀಟಿನ ಹಿಂದೆ 6 ವೋಲ್ಟಿನ ಎರಡು ಬ್ಯಾಟರಿ. ವೈರಿಂಗ್ ನೀಟಾಗಿ ಬದಲಿಸಿದ್ದರೆ ಸಾಕು.

ಗೋವಾದ ಗಾಡಿ ಅಂದಮೇಲೆ ಸಮುದ್ರದ ಗಾಳಿ ತಿಂದಿರುತ್ತದೆ. ಬಾಗಿಲಿಗೆ ಹೊರಗೆ ಹಿಡಿಕೆ ಇರಲ್ಲ, ಕೈ ಒಳಗೆ ಹಾಕಿ ತಂತಿ ಎಳೆಯಬೇಕು. ಹಾಗೆ ತೆಗೆದು ಹಾಕಿ ನೋಡಿ. ಬಾಗಿಲ ಸುತ್ತ ಸಂದು ಒಂದೇ ಸಮ ಇಲ್ಲದಿದ್ದರೆ ಬಾಗಿಲ ಕೆಳಗಿನ ಉದ್ದ ಪಟ್ಟಿ, ಅಂದ್ರೆ ಸಿಲ್ ತುಕ್ಕು ಹಿಡಿದಿರಬಹುದು. ಕಾರ್ಪೆಟ್ ಎತ್ತಿ ಮರದ ಫ್ಲೋರನ್ನೂ ನೋಡಿ.

ವಿಜಯಪುರ ಪೇಪರ್:
ಅಣ್ಣಾರ ಮಾತಿಗೆ ಕಾಗದದ ವಿಷಯ ಸೇರಿಸುತ್ತೇನೆ. ಎಂಜಿನ್ ಬದಲಿಸಿದ್ದು ಆರ್‌ಸಿಯಲ್ಲಿ ಏರಿರಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅದನ್ನೇ ಹೇಳುತ್ತದೆ. ಏರಿಲ್ಲದಿದ್ದರೆ ಅವರೇ ಗೋವಾದಲ್ಲಿ ಸರಿಮಾಡಿಸಿ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ಕೊಡಲಿ, ಕರ್ನಾಟಕಕ್ಕೆ ತಂದಮೇಲೆ ಒದ್ದಾಟ ಬೇಡ. 2021ರ ವಿಂಟೇಜ್ ನಿಯಮದಲ್ಲಿ 'ವಿಎ' ನಂಬರ್ ಸಿಗುವುದು 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ. ಎಂಜಿನ್ ಮಾರ್ಪಾಡೂ ಅದಕ್ಕೆ ಅಡ್ಡಿ. ಮೇಲಾಗಿ ವಿಎ ಗಾಡಿಯನ್ನು ದಿನಾ ಓಡಿಸುವಂತಿಲ್ಲ; ರ‍್ಯಾಲಿ, ಪ್ರದರ್ಶನ, ರಿಪೇರಿ ಇಂಥದ್ದಕ್ಕೆ ಮಾತ್ರ. ಘಾಟ್ ಸುತ್ತಬೇಕಂದ್ರೆ ಹಳೇ ನೋಂದಣಿಯೇ ವಾಸಿ.

ಟಿಳಕವಾಡಿಯವ:
ಫೋನ್ ಮಾಡಿದೆ. ಹಳೇ ಬ್ಲಾಕ್ ಶೆಡ್‌ನಲ್ಲಿ ಇದೆಯಂತೆ. ಕಾರ್ಬುರೇಟರ್, ಮ್ಯಾನಿಫೋಲ್ಡ್ ಇಲ್ಲ.

ಉದ್ಯಮಬಾಗ ಲೇತ್:
ಬ್ಲಾಕ್ ಇದೆಯಲ್ಲ, ದೊಡ್ಡ ವಿಷಯ! ಕಾರ್ಬುರೇಟರ್ ಜೋಡಿ ಹೊರಗಿಂದ ತರಿಸಬೇಕು, ಅದರ ಖರ್ಚು ರೇಟಿನಲ್ಲಿ ಇಳಿಸಿ ಅನ್ನಿ. ಆ ಬ್ಲಾಕಿನ ಮೇಲೆ ತಗಡು ಇದೆಯಾ ಅಂತ ಮೊದಲು ಒಂದು ಫೋಟೋ ತರಿಸಿಕೊಳ್ಳಿ. ಇದ್ದರೆ ನಾನೂ ಬರುತ್ತೇನೆ, ಕೂಡಿಯೇ ಹೋಗಿ ನೋಡೋಣ.