ಪದಚರ್ಚೆ: ಡಯಟ್ ಸೋಡಾ, ಶುಗರ್ ಫ್ರೀ, ಸಕ್ಕರೆರಹಿತ – ಕರಪತ್ರಕ್ಕೆ ಯಾವ ಮಾತು ಹಾಕೋದು?

ಎಲ್ರಿಗೂ ನಮಸ್ಕಾರ. ಹಾಸನದಿಂದ ಬರೀತಿದೀನಿ. ನಮ್ಮ ಬಡಾವಣೆಯ ಕೆಲವರು ಸೇರ್ಕೊಂಡು ಸಕ್ಕರೆ ಕಾಯಿಲೆ ಇರೋರಿಗೆ ಅಂತ ಒಂದು ಸಣ್ಣ ಕರಪತ್ರ ಮಾಡ್ತಿದೀವಿ, ಅದರ ಕನ್ನಡ ನನ್ನ ಪಾಲಿಗೆ ಬಂದಿದೆ. ನಡಿಗೆ, ಮಾತ್ರೆ, ಕಾಲಿನ ಗಾಯ ಇವೆಲ್ಲ ಸಲೀಸಾಗಿ ಬರ್ಕೊಂಡು ಹೋಯ್ತು, 'ಡಯಟ್ ಸೋಡಾ (ಸಕ್ಕರೆ ಬದಲು ಬೇರೆ ಸಿಹಿ ಹಾಕಿರೋ ಕೋಲಾ ಥರದ್ದು) ಕುಡೀಬಹುದಾ, ಒಳ್ಳೇದಾ ಕೆಟ್ಟದ್ದಾ' ಅನ್ನೋ ಜಾಗಕ್ಕೆ ಬಂದಾಗ ಮಾತ್ರ ಪೆನ್ನು ಮುಂದಕ್ಕೆ ಹೋಗ್ಲಿಲ್ಲ. ಯಾವ ಪದ ಹಾಕಿದ್ರೂ ಅದು ಓದೋರನ್ನ ಇನ್ನೊಂದು ಅರ್ಥಕ್ಕೆ ಕರ್ಕೊಂಡು ಹೋಗ್ತಿದೆ. ನಿಮ್ಮ ಸಲಹೆ ಬೇಕು, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ಮೊದಲು 'ಸೋಡಾ'. ನಮ್ಮ ಕಡೆ ಸೋಡಾ ಅಂದ್ರೆ ಸಪ್ಪೆ ಗ್ಯಾಸ್ ನೀರು, ಗೋಲಿ ಸೋಡಾ, ಅದಕ್ಕೆ ನಿಂಬೆಹಣ್ಣು ಹಿಂಡಿ ಉಪ್ಪು ಹಾಕಿದ್ರೆ ಸೋಡಾ ಶರಬತ್ತು. ಬಣ್ಣದ್ದು, ಸಿಹಿದು ಎಲ್ಲಾ 'ಕೂಲ್ ಡ್ರಿಂಕ್ಸು', ಹಳ್ಳಿ ಕಡೆ ಅದಕ್ಕೂ ಎಷ್ಟೋ ಜನ 'ಜ್ಯೂಸು' ಅಂತಾನೇ ಅಂತಾರೆ. ಬಸ್ ಸ್ಟ್ಯಾಂಡ್ ಹತ್ರದ ಅಂಗಡಿಯವರನ್ನ ಡಯಟ್ ಸೋಡಾ ಇದೆಯಾ ಅಂತ ಕೇಳಿದ್ದಕ್ಕೆ "ಸೋಡಾದಲ್ಲಿ ಸಕ್ಕರೆ ಎಲ್ಲೈತೆ ಸಾರ್, ಎಲ್ಲಾ ಸೋಡಾನೂ ಡಯಟ್ಟೇ" ಅಂದ್ರು. ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಕೋಲಾ ಜಾತಿಯದಕ್ಕೆಲ್ಲ ಸೋಡಾ ಅನ್ನೋದು ಅಮೆರಿಕದವರ ರೂಢಿ, ಅದನ್ನ ಹಂಗೇ ಎತ್ಕೊಂಡು ಬಂದು ಹಾಸನದ ಕರಪತ್ರಕ್ಕೆ ಹಾಕಿದ್ರೆ ಗೋಲಿ ಸೋಡಾ ಕುಡಿಯೋ ಅಜ್ಜ ಸುಮ್ಮನೆ ಹೆದರ್ಕೋತಾರೆ. ಪೇಪರ್‌ನೋರ 'ತಂಪು ಪಾನೀಯ'ನೂ ನಂಗೆ ಒಪ್ಪಿಗೆ ಇಲ್ಲ. ತಂಪು ಅಂದ್ರೆ ನಮ್ಮಲ್ಲಿ ಎಳನೀರು, ಮಜ್ಜಿಗೆ, ದೇಹಕ್ಕೆ ತಂಪು. ಫ್ರಿಜ್ಜಿಂದ ತೆಗೆದಿದ್ದು ತಣ್ಣಗಿರುತ್ತೆ ಅಷ್ಟೇ. ಹಾಗಾಗಿ 'ಕೂಲ್ ಡ್ರಿಂಕ್ಸ್' ಅಂತಾನೇ ಬಿಡೋಣ ಅಂತ ತೀರ್ಮಾನ ಮಾಡಿದೀನಿ, ಅದು ಎಲ್ರಿಗೂ ಗೊತ್ತು.

'ಡಯಟ್' ಅನ್ನೋದು ಇನ್ನೂ ಕಷ್ಟ. ನಿಘಂಟಿನ ಪ್ರಕಾರ ಪಥ್ಯ. ಆದ್ರೆ ಪಥ್ಯ ಅಂದ್ರೆ ವೈದ್ಯರು ಔಷಧಿ ಜೊತೆ ಹೇಳೋದು, ಬಾಣಂತಿ ಪಥ್ಯ, ಕಾಮಾಲೆ ಪಥ್ಯ, ಅದನ್ನ ಮುರಿದ್ರೆ ಔಷಧಿ ಹತ್ತಲ್ಲ ಅನ್ನೋ ನಂಬಿಕೆ ಇದೆ. 'ಪಥ್ಯದ ಕೂಲ್ ಡ್ರಿಂಕ್ಸ್' ಅಂತ ಬರೆದ್ರೆ ಡಾಕ್ಟ್ರೇ ಬರ್ಕೊಟ್ಟಂಗೆ ಆಯ್ತು. ಹಾಗೆ ನೋಡಿದ್ರೆ ಈ ಪಾನೀಯದ ಹುಟ್ಟಲ್ಲಿ ಪಥ್ಯದ ಅರ್ಥನೇ ಇತ್ತು: 1952ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹೈಮನ್ ಕಿರ್ಷ್ ಅನ್ನೋರು ನೋ-ಕ್ಯಾಲ್ ಅಂತ ಮಾಡಿದ್ದು ಆಸ್ಪತ್ರೆಯಲ್ಲಿದ್ದ ಸಕ್ಕರೆ ಕಾಯಿಲೆಯವರಿಗೋಸ್ಕರ. ಆಮೇಲೆ 1960ರ ದಶಕದಲ್ಲಿ ದೊಡ್ಡ ಕಂಪನಿಗಳು ಬಂದ್ಮೇಲೆ ಡಯಟ್ ಅಂದ್ರೆ ತೂಕ ಇಳಿಸೋರದ್ದು ಅಂತ ಆಯ್ತು. ಡಯಟ್ ಕೋಕ್ ಬಂದಿದ್ದು 1982ರಲ್ಲಿ. ನಮ್ಮ ಹುಡುಗ್ರು 'ಡಯಟ್ ಮಾಡ್ತಿದೀನಿ' ಅನ್ನೋದು ಈ ಎರಡನೇ ಅರ್ಥದಲ್ಲೇ, ಅವರಿಗೆ ಪಥ್ಯ ಅನ್ನೋ ಪದ ನೆನಪಿಗೂ ಬರಲ್ಲ.

ಈಗ ನನ್ನ ಮುಖ್ಯ ತಲೆನೋವು, 'ಶುಗರ್ ಫ್ರೀ'. ಕನ್ನಡದಲ್ಲಿ ಶುಗರ್ ಅಂದ್ರೆ ಸಕ್ಕರೆ ಅಲ್ಲ, ಅದು ಕಾಯಿಲೆ ಹೆಸರು. ಡಬ್ಬದಲ್ಲಿರೋದು ಸಕ್ಕರೆ, ಮೈಯಲ್ಲಿರೋದು ಶುಗರ್. 'ನಂಗೆ ಶುಗರ್ ಇದೆ', 'ಅವ್ರಿಗೆ ಶುಗರ್ ಬಂದು ಹತ್ತು ವರ್ಷ ಆಯ್ತು'. ಹಂಗಾಗಿ ಶುಗರ್ ಫ್ರೀ ಅಂತ ಓದಿದವರಿಗೆ 'ಇದರಲ್ಲಿ ಸಕ್ಕರೆ ಇಲ್ಲ' ಅನ್ನೋದಕ್ಕಿಂತ 'ಇದು ಶುಗರ್‌ನೋರದ್ದು' ಅಂತ ತಲೆಗೆ ಹೋಗುತ್ತೆ, ಇನ್ನೊಂದು ಹೆಜ್ಜೆ ಮುಂದೆ ಹೋದ್ರೆ 'ಇದು ಶುಗರ್‌ಗೆ ಒಳ್ಳೇದು' ಅಂತಲೇ ಆಗಿಬಿಡುತ್ತೆ. ಆಲೂರು ಕಡೆ ಒಂದು ಗೃಹಪ್ರವೇಶದಲ್ಲಿ ನಮ್ಮ ಚಿಕ್ಕಮ್ಮ ಎಲೆ ಮುಂದೆ ಕೂತ್ಕೊಂಡು ಸಕ್ಕರೆ ಇಲ್ಲದ ಕೋಲಾ ಕುಡೀತಾ "ನಂಗೆ ಶುಗರ್ ಐತೆ ಕಣಪ್ಪ, ಅದಕ್ಕೇ ನಾನು ಶುಗರ್ ಫ್ರೀದೇ ಕುಡಿಯಾದು, ಅದೂ ಒಂಥರಾ ಮಾತ್ರೆ ಇದ್ದಂಗೇ" ಅಂದ್ರು, ಅಂದು ಇನ್ನೆರಡು ಹೋಳಿಗೆ ಹಾಕಿಸ್ಕೊಂಡ್ರು, ಮೇಲೆ ತುಪ್ಪ ಬೇರೆ. "ಬೇಡ ಚಿಕ್ಕಮ್ಮ" ಅಂದ್ರೆ "ಕುಡಿದಿದೀನಲ್ಲೋ" ಅಂತಾರೆ. ಆ ಕೋಲಾ ಹೋಳಿಗೆಯ ಸಕ್ಕರೆನ ಕರಗಿಸಿಬಿಡುತ್ತೆ ಅನ್ನೋ ಭರವಸೆ ಅವರಿಗೆ. ನಂಗೆ ನಿಜವಾಗ್ಲೂ ಭಯ ಆಗಿದ್ದು ಅವಾಗ. ಡಬ್ಬಿ ಒಳಗಿರೋದಕ್ಕಿಂತ ಅದರ ಮೇಲಿನ ಈ ಎರಡು ಪದ ಅವರಿಗೆ ಹೆಚ್ಚು ತೊಂದ್ರೆ ಕೊಡ್ತಿದೆ.

ಸರಿ, ಹಾಗಾದ್ರೆ 'ಸಕ್ಕರೆರಹಿತ' ಅಂತ ಬರೆಯೋಣ ಅಂದ್ರೆ ಅಲ್ಲೂ ಒಂದು ಗುಂಡಿ ಇದೆ. ಕನ್ನಡದ ಸಕ್ಕರೆ ಬಿಳಿ ಸಕ್ಕರೆ ಮಾತ್ರ, ಬೆಲ್ಲ ಅದರೊಳಗೆ ಬರಲ್ಲ. ಮಲೆನಾಡಿನ ಬೆಲ್ಲದ ಕಾಫಿ, ರಾಮನವಮಿ ಪಾನಕ ಎಲ್ಲಾ ನಮ್ಮ ಭಾಷೆಯ ಪ್ರಕಾರ ಸಕ್ಕರೆರಹಿತನೇ! ಬೆಲ್ಲದಲ್ಲಿ ಬಹುಪಾಲು ಇರೋದು ಬಿಳಿ ಸಕ್ಕರೆಲಿರೋ ಅದೇ ಸುಕ್ರೋಸು, ರಕ್ತಕ್ಕೆ ಹೋದ್ಮೇಲೆ ಅದರ ಲೆಕ್ಕ ಸಕ್ಕರೆದೇ. 'ಸಕ್ಕರೆ ಹಾಕಿಲ್ಲ, ಬೆಲ್ಲ ಹಾಕಿದೀವಿ, ಶುಗರ್‌ನೋರೂ ತಿನ್ನಬಹುದು' ಅಂತ ಮೈಸೂರುಪಾಕ್ ಮಾರೋದನ್ನ ನೀವೂ ಕೇಳಿರ್ತೀರ. 'ಸಿಹಿ ಬಿಡಿ' ಅನ್ನೋ ಡಾಕ್ಟ್ರ ಮಾತೂ ಹಂಗೇ, ಅನ್ನ ಸಿಹಿ ಅಲ್ಲ ಅಂತ ಮೂರು ಸಲ ಬಡಿಸ್ಕೋತಾರೆ. ಪದಮೂಲ ನೋಡಿದ್ರೆ ಶುಗರ್ರೂ ಸಕ್ಕರೆನೂ ಒಂದೇ ತಾಯಿ ಮಕ್ಕಳು, ಸಂಸ್ಕೃತದ ಶರ್ಕರಾ, ಮೊದಲಿಗೆ ಹರಳು, ಮರಳು ಅನ್ನೋ ಅರ್ಥ, ಅದು ಪ್ರಾಕೃತದ ಮೂಲಕ ನಮಗೆ ಸಕ್ಕರೆ ಆಯ್ತು, ಪಾರಸಿ ಅರಬ್ಬಿ ಸುತ್ತಿ ಇಂಗ್ಲಿಷರಿಗೆ ಶುಗರ್ ಆಗಿ ತಿರುಗಿ ನಮ್ಮ ಮನೆಗೇ ಕಾಯಿಲೆಯಾಗಿ ಬಂತು.

ಅದೇ ಬೇರಿನ ಇನ್ನೊಂದು ಪದ 'ಸ್ಯಾಕರಿನ್'. ಇದನ್ನ ವಿಶೇಷವಾಗಿ ಗಮನಿಸಿ. 1879ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಕಾನ್‌ಸ್ಟಂಟಿನ್ ಫಾಲ್‌ಬರ್ಗ್ ಕಂಡುಹಿಡಿದಿದ್ದು, ಸಕ್ಕರೆಗಿಂತ ಮುನ್ನೂರು ಪಟ್ಟು ಅಥವಾ ಇನ್ನೂ ಹೆಚ್ಚು ಸಿಹಿ. ನಮ್ಮ ಹಿರಿಯರಿಗೆ ಈ ಪದ ಚೆನ್ನಾಗಿ ಗೊತ್ತು, 'ಸ್ಯಾಕ್ರೀನ್ ಹಾಕಿರ್ತಾರೆ ಕಣೋ, ಐಸ್‌ಕ್ಯಾಂಡಿ ತಿನ್ಬೇಡ' ಅಂತ ಬೈಸ್ಕೊಂಡೇ ನಾವು ಬೆಳೆದಿದ್ದು. ಅಂದ್ರೆ ಸ್ಯಾಕ್ರೀನ್ ಅಂದ್ರೆ ಕಲಬೆರಕೆ, ಮೋಸ. ಸಕ್ಕರೆ ಬದಲು ಹಾಕೋ ಅದೇ ಥರದ ಇನ್ನೊಂದು ಸಿಹಿ, ಆಸ್ಪರ್ಟೇಮ್, 'ಶುಗರ್ ಫ್ರೀ' ಅನ್ನೋ ಅಂಗಿ ಹಾಕ್ಕೊಂಡು ಬಂದ್ರೆ ಔಷಧಿ. ಸ್ಯಾಕರಿನ್ ಇರೋ ಐಸ್‌ಕ್ಯಾಂಡಿ ಬೇಡ ಅಂದ ಬಾಯೇ ಇದನ್ನ ಕುಡಿ ಅನ್ನುತ್ತೆ. ಎರಡೂ ಅತಿ.

ಸಕ್ಕರೆ ಇಲ್ಲದ ಕೋಲಾದ ಡಬ್ಬಿ ಮೇಲೆ ನಿಜವಾಗಿ ಏನು ಬರೆದಿರುತ್ತೆ ಅಂತ ಭೂತಗನ್ನಡಿ ಇಟ್ಕೊಂಡು ನೋಡಿದೆ. ಇರುವೆ ಸಾಲಿನ ಹಾಗಿರೋ ಅಕ್ಷರ, ಎಲ್ಲಾ ಇಂಗ್ಲಿಷು. ಕಾನೂನಿನ ಪ್ರಕಾರ ಇಂಗ್ಲಿಷ್ ಅಥವಾ ಹಿಂದಿ ಇದ್ರೆ ಸಾಕು, ಕನ್ನಡ ಹಾಕಲೇಬೇಕು ಅಂತಿಲ್ಲ. ಅಲ್ಲಿರೋದು ಇಷ್ಟು: ಆಸ್ಪರ್ಟೇಮ್ ಮತ್ತು ಅಸಿಸಲ್ಫೇಮ್ ಪೊಟ್ಯಾಸಿಯಂ ಅನ್ನೋ ಎರಡು ಸಿಹಿ ಬೆರಸಿದೆ, ಕೆಫೀನ್ ಇದೆ, ಸಕ್ಕರೆ ಸೇರಿಸಿಲ್ಲ, ಮಕ್ಕಳಿಗೆ ಸೂಕ್ತ ಅಲ್ಲ, ಫಿನೈಲ್‌ಕೀಟೋನ್ಯೂರಿಯಾ ಇರೋರಿಗಲ್ಲ, ಮತ್ತೆ 'ಕ್ಯಾಲರಿ ಕಾನ್ಷಿಯಸ್' ಇರೋರಿಗೆ. ಈ ಕೊನೇದನ್ನ ಕನ್ನಡದಲ್ಲಿ ಏನಂತೀರಿ? 'ಕ್ಯಾಲರಿ ಪ್ರಜ್ಞೆಯುಳ್ಳವರು' ಅಂತ ಯಾರಾದ್ರೂ ಬರೆದ್ರೆ ದಯವಿಟ್ಟು ತಡೀರಿ. 'ಕ್ಯಾಲರಿ ಲೆಕ್ಕ ಇಡೋರು' ಅಂತ ನಾನು ಹಾಕಿದೀನಿ. ಫಿನೈಲ್‌ಕೀಟೋನ್ಯೂರಿಯಾಗೆ ಪದ ಕಟ್ಟೋ ಬದಲು 'ಹುಟ್ಟಿನಿಂದಲೇ ಫಿನೈಲಲನೀನ್ (ಪ್ರೋಟೀನಿನ ಒಂದು ಅಂಶ) ಅರಗಿಸ್ಕೊಳ್ಳೋಕೆ ಆಗದ ಅಪರೂಪದ ಕಾಯಿಲೆ' ಅಂತ ಬಿಡಿಸಿ ಬರೆದಿದೀನಿ, ಆಸ್ಪರ್ಟೇಮ್ ಒಳಗೆ ಹೋಗಿ ಒಡೆದಾಗ ಆ ಫಿನೈಲಲನೀನ್ ಬರುತ್ತೆ ಅನ್ನೋದೇ ಕಾರಣ.

ಇನ್ನು ಅಸಲು ಪ್ರಶ್ನೆ, ಒಳ್ಳೇದಾ ಕೆಟ್ಟದ್ದಾ. ಇದಕ್ಕೆ ಆ ಎರಡೂ ಪದ ಸರಿಹೊಂದಲ್ಲ, ನಮ್ಮ ಆಡುಮಾತಿನ 'ವಾಸಿ' ಸರಿಹೊಂದುತ್ತೆ ಅಂತ ನನ್ನ ಗಟ್ಟಿ ಅಭಿಪ್ರಾಯ. 'ಅದಕ್ಕಿಂತ ಇದು ವಾಸಿ' ಅಂದ್ರೆ ಇದು ಒಳ್ಳೇದು ಅಂತ ಹೇಳ್ದಂಗೆ ಆಗಲಿಲ್ಲ, ಅದು ಇದಕ್ಕಿಂತ ಕೆಟ್ಟದ್ದು ಅಂತ ಮಾತ್ರ ಆಯ್ತು. ಮಾಮೂಲಿ ಕೋಲಾ 300 ಮಿಲಿಲೀಟರ್ ಕುಡಿದ್ರೆ ಹತ್ತಿರ ಹತ್ತಿರ 32 ಗ್ರಾಂ ಸಕ್ಕರೆ, ಏಳೆಂಟು ಟೀ ಚಮಚ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಇಡೀ ದಿನಕ್ಕೆ 25 ಗ್ರಾಂ ಒಳಗಿದ್ರೆ ಇನ್ನೂ ಒಳ್ಳೇದು ಅನ್ನುತ್ತೆ. ಸಕ್ಕರೆ ಇಲ್ಲದ್ದರಲ್ಲಿ ಅದು ಸೊನ್ನೆ, ಕುಡಿದ ತಕ್ಷಣ ರಕ್ತದಲ್ಲಿ ಸಕ್ಕರೆ ಹಾರಲ್ಲ. ದಿನಾ ಸಿಹಿ ಕೋಲಾ ಕುಡಿಯೋರು ಅದನ್ನ ಬಿಟ್ಟು ಇದಕ್ಕೆ ಬಂದಾಗ ತೂಕ ಸ್ವಲ್ಪ ಇಳಿಯುತ್ತೆ ಅಂತ ಜನರನ್ನ ಎರಡು ಗುಂಪು ಮಾಡಿ ನೋಡಿದ ಪ್ರಯೋಗಗಳಲ್ಲಿ ಕಂಡಿದೆ. ಹಾಗಾಗಿ ವಾಸಿ. ಆದ್ರೆ ನೀರಿಗಿಂತ, ಮಜ್ಜಿಗೆಗಿಂತ ವಾಸಿ ಅಂತ ಹೇಳೋಕಾಗಲ್ಲ. 2023ರ ಮೇ ತಿಂಗಳಲ್ಲಿ ಅದೇ ಸಂಸ್ಥೆ ತೂಕ ಇಳಿಸೋಕೆ ಅಂತ ಇಂಥ ಸಿಹಿಗಳನ್ನ ನೆಚ್ಕೋಬೇಡಿ, ದೀರ್ಘಕಾಲದಲ್ಲಿ ಪ್ರಯೋಜನ ಕಾಣಿಸಿಲ್ಲ ಅಂತು. ಆ ಸಲಹೆ ಈಗಾಗಲೇ ಸಕ್ಕರೆ ಕಾಯಿಲೆ ಇರೋರಿಗೆ ಅನ್ವಯಿಸಲ್ಲ ಅಂತಲೂ ಅದರಲ್ಲೇ ಇದೆ, ಪೇಪರ್‌ನೋರು ಆ ಸಾಲು ಬಿಟ್ಟುಬಿಡ್ತಾರೆ, ನಮ್ಮ ಕರಪತ್ರ ಓದೋರಿಗೆ ಮುಖ್ಯವಾಗಿ ಬೇಕಾಗಿದ್ದೇ ಅದು. ಹೆಚ್ಚು ಕುಡಿಯೋರಲ್ಲಿ ಕಾಯಿಲೆ ಹೆಚ್ಚು ಅನ್ನೋ ಅಧ್ಯಯನಗಳೂ ಇವೆ, ಆದ್ರೆ ತೂಕ ಜಾಸ್ತಿ ಆದವರೇ, ಶುಗರ್ ಬಂದವರೇ ಇದನ್ನ ಹುಡುಕ್ಕೊಂಡು ಹೋಗ್ತಾರಲ್ಲ, ಕಾರಣ ಯಾವ್ದು ಪರಿಣಾಮ ಯಾವ್ದು ಬಿಡಿಸೋದು ಕಷ್ಟ. ಹಲ್ಲಿಗೆ ಮಾತ್ರ ವಾಸಿ ಅಂತ ಧೈರ್ಯವಾಗಿ ಹೇಳೋಕಾಗಲ್ಲ, ಸಕ್ಕರೆ ಇಲ್ದಿದ್ರೂ ಫಾಸ್ಫಾರಿಕ್ ಆಮ್ಲ, ಸಿಟ್ರಿಕ್ ಆಮ್ಲ ಇದ್ದೇ ಇರುತ್ತೆ, ಹಲ್ಲಿನ ಎನಾಮಲ್ ಸವೆಯುತ್ತೆ.

'ವಾಸಿ'ಲಿ ನಂಗಿರೋ ಒಂದೇ ಅನುಮಾನ, ಅದಕ್ಕೆ ಗುಣವಾಗೋದು ಅಂತಲೂ ಅರ್ಥ ಇದೆ. 'ಜ್ವರ ವಾಸಿಯಾಯ್ತು'. ಶುಗರ್ ಪಕ್ಕದಲ್ಲಿ ವಾಸಿ ಅಂತ ಇದ್ರೆ ಚಿಕ್ಕಮ್ಮನಂಥೋರು ಶುಗರ್ ವಾಸಿಯಾಗುತ್ತೆ ಅಂತ ಓದ್ಕೊಂಡ್ರೆ? 'ಸಿಹಿ ಕೋಲಾಗಿಂತ ವಾಸಿ, ನೀರಿಗಿಂತ ಅಲ್ಲ' ಅಂತ ಒಂದೇ ಉಸಿರಲ್ಲಿ ಹೇಳಿಬಿಟ್ರೆ ಆ ಅರ್ಥಕ್ಕೆ ಜಾಗ ಇರಲ್ಲ ಅನ್ಸುತ್ತೆ. ನೀವೇನಂತೀರಿ?

ಕ್ಯಾನ್ಸರ್ ವಿಷಯದ ಕನ್ನಡ ಅಂತೂ ಬಹಳ ಕೆಟ್ಟಿದೆ. 2023ರ ಜುಲೈನಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಆಸ್ಪರ್ಟೇಮನ್ನ 2ಬಿ ಗುಂಪಿಗೆ ಹಾಕ್ತು. ನಮ್ಮಲ್ಲಿ 'ಕ್ಯಾನ್ಸರ್‌ಕಾರಕ' ಅಂತ ಒಂದೇ ಪದದಲ್ಲಿ ತೀರ್ಪು ಕೊಟ್ಬಿಟ್ರು. 2ಬಿ ಅಂದ್ರೆ ಸಾಕ್ಷಿ ಕಮ್ಮಿ, 'ಇದ್ದರೂ ಇರಬಹುದು' ಅನ್ನೋ ಮಟ್ಟ. 2ಎ ಅಂದ್ರೆ 'ಇರುವ ಸಂಭವ ಜಾಸ್ತಿ', ಒಂದನೇ ಗುಂಪು ಅಂದ್ರೆ 'ಹೌದು'. ಈ ಮೂರು ಮೆಟ್ಟಿಲನ್ನ ಹೇಳೋಕೆ ಕನ್ನಡದ ಕ್ರಿಯಾಪದಗಳೇ ಸಾಕು, ಹೊಸ ಪದ ಬೇಡ. ನಮ್ಮ ಕಾಫಿ ಕೂಡ 1991ರಿಂದ 2016ರ ತನಕ ಇದೇ 2ಬಿ ಗುಂಪಲ್ಲಿತ್ತು, ಆಮೇಲೆ ತೆಗೆದ್ರು, ಸಕಲೇಶಪುರ ಮೂಡಿಗೆರೆಯಲ್ಲಿ ಯಾರೂ ಕಾಫಿ ಬಿಟ್ಟಿರಲಿಲ್ಲ. ಅದೇ ನಮ್ಮ ತೋಟದ ಅಡಿಕೆ ಒಂದನೇ ಗುಂಪಲ್ಲಿದೆ, ಅದರ ಬಗ್ಗೆ ಮಾತಾಡೋರು ಕಮ್ಮಿ. ಈ ಗುಂಪುಗಳು ನೋಡೋದು ಅಪಾಯ ಇದೆಯಾ ಅನ್ನೋ ಪ್ರಶ್ನೆ, ಎಷ್ಟು ಕುಡಿದ್ರೆ ಅಪಾಯ ಅನ್ನೋದು ಬೇರೆ. ಎಷ್ಟು ಅನ್ನೋದನ್ನ ನೋಡಿದ ಇನ್ನೊಂದು ಸಮಿತಿ ದೇಹದ ತೂಕದ ಒಂದು ಕಿಲೋಗೆ ದಿನಕ್ಕೆ 40 ಮಿಲಿಗ್ರಾಂ ಅನ್ನೋ ಹಳೇ ಮಿತಿಯನ್ನೇ ಉಳಿಸ್ತು. ಒಂದು ಡಬ್ಬಿಯಲ್ಲಿ 200ರಿಂದ 300 ಮಿಲಿಗ್ರಾಂ ಅಂತ ಲೆಕ್ಕ ಹಾಕಿದ್ರೆ 70 ಕಿಲೋ ತೂಕದವರು ಮಿತಿ ದಾಟೋಕೆ ದಿನಕ್ಕೆ 9ರಿಂದ 14 ಡಬ್ಬಿಗಿಂತ ಜಾಸ್ತಿ ಕುಡೀಬೇಕು.

ಸಕ್ಕರೆ ಬದಲು ಹಾಕೋ ಆ ಸಿಹಿ ಪದಾರ್ಥಕ್ಕೇ ಒಂದು ಹೆಸರು ಬೇಕಲ್ಲ, ಅದಕ್ಕೆ ನಿಮ್ಮನ್ನ ಕೇಳ್ತಿರೋದು. 'ಕೃತಕ ಸಿಹಿಕಾರಕ' ಪುಸ್ತಕದ್ದು, ಕಾರಕ ಅಂದ ತಕ್ಷಣ ಕ್ಯಾನ್ಸರ್ ಪಕ್ಕದಲ್ಲೇ ಬಂದು ನಿಲ್ಲುತ್ತೆ, ಅಲ್ದೆ ಸ್ಟೀವಿಯಾ ಗಿಡದ ಎಲೆಯಿಂದ ಬರೋದು ಕೃತಕ ಅನ್ನೋಕೂ ಆಗಲ್ಲ. 'ಸಕ್ಕರೆಯೇತರ ಸಿಹಿ' ಸರಿಯಾದ ಸಮಾಸ, ಆದ್ರೆ ಮಾತಲ್ಲಿ ಯಾರೂ ಅನ್ನಲ್ಲ. ಒಬ್ಬ ಸ್ನೇಹಿತರು 'ಹುಸಿಸಿಹಿ' ಅಂದ್ರು, ಕೇಳೋಕೆ ಚೆಂದ, ಆದ್ರೆ ಹೆಸರಲ್ಲೇ ಬೈಗುಳ ಇದ್ರೆ ಕರಪತ್ರ ನ್ಯಾಯವಾಗಿರಲ್ಲ. ನಂಗೆ 'ಸಕ್ಕರೆಯಲ್ಲದ ಸಿಹಿ' ಹಿಡಿಸಿದೆ, ಬೈಯಲ್ಲ ಹೊಗಳಲ್ಲ, ಇರೋದನ್ನ ಇದ್ದಂಗೆ ಹೇಳುತ್ತೆ. ಕೂಲ್ ಡ್ರಿಂಕ್ಸಿಗೆ 'ಸಕ್ಕರೆಯಲ್ಲದ ಸಿಹಿ ಹಾಕಿದ ಕೂಲ್ ಡ್ರಿಂಕ್ಸ್' ಅಂತ ಮೊದಲ ಸಲ ಬರೆದು ಆಮೇಲೆ ಚಿಕ್ಕದಾಗಿ 'ಸಕ್ಕರೆ ಹಾಕದ ಕೋಲಾ' ಅಂತ ನಡೆಸಬಹುದಾ? ಅಲ್ಲಿ ಮತ್ತೆ ಬೆಲ್ಲದ ತಕರಾರು ಬರುತ್ತಾ?

ಅರಕಲಗೂಡು, ಹೊಳೆನರಸೀಪುರ, ಅರಸೀಕೆರೆ ಕಡೆಯವರು, ಹಂಗೇ ಕೊಪ್ಪ, ಶೃಂಗೇರಿ, ಕಡೂರಿನವರು ನಿಮ್ಮನೆ ಹಿರಿಯರನ್ನ ಒಂದು ಮಾತು ಕೇಳಿ, ಶುಗರ್ ಫ್ರೀ ಅಂದ್ರೆ ಏನು ಅಂತ. ಅವರು ಹೇಳಿದ್ದನ್ನ ತಿದ್ದದೆ ಅವರ ಮಾತಲ್ಲೇ ಬರೆದು ಕಳಿಸಿ. ಕಾಫಿಗೆ ಹಾಕ್ಕೊಳ್ಳೋ ಆ ಸಣ್ಣ ಮಾತ್ರೆಗೆ ನಿಮ್ಮೂರಲ್ಲಿ ಏನಂತಾರೆ ಅನ್ನೋದೂ ಬೇಕು, ಇಲ್ಲಿ ಯಾವ ಕಂಪನಿದಾದ್ರೂ 'ಶುಗರ್ ಫ್ರೀ ಮಾತ್ರೆ' ಅಂತಾರೆ, ಎಲ್ಲಾದ್ರೂ 'ಸಿಹಿ ಮಾತ್ರೆ' ಅನ್ನೋ ರೂಢಿ ಇದ್ರೆ ನಂಗೆ ಅದೇ ದೊಡ್ಡ ಸಹಾಯ ಆಗುತ್ತೆ.