ಅಮ್ಮನ ಕ್ಯಾಲ್ಸಿಯಂ ಮಾತ್ರೆ: ಬದಲಿಸಬೇಕೇ?

ಡೊಂಬಿವಲಿಯಿಂದ ಪ್ರಶ್ನೆ: ಅಮ್ಮನಿಗೆ 64 ವರ್ಷ. ಮೂಳೆ ಸವೆದಿದೆ ಎಂದು ವೈದ್ಯರು ಕ್ಯಾಲ್ಸಿಯಂ ಕಾರ್ಬೊನೇಟ್ ಬರೆದುಕೊಟ್ಟಿದ್ದಾರೆ. ಬೆಳಿಗ್ಗೆ ಲೋಕಲ್ ಹಿಡಿಯುವ ಗಡಿಬಿಡಿ. ಥೈರಾಯ್ಡ್ ಮಾತ್ರೆಯನ್ನೂ ಇದನ್ನೂ ಒಟ್ಟಿಗೇ ಖಾಲಿ ಹೊಟ್ಟೆಗೆ ಕೊಟ್ಟು ಹೊರಡುತ್ತೇನೆ. ಈಗ ಹೊಟ್ಟೆಯುಬ್ಬರ, ಮಲಬದ್ಧತೆ. ಕ್ಯಾಲ್ಸಿಯಂ ಸಿಟ್ರೇಟ್ ಒಳ್ಳೆಯದಂತೆ, ಆದರೆ ದುಬಾರಿ. ಬಳಸಿದವರು ತಿಳಿಸಿ.

ಠಾಣೆಯಿಂದ: ತಂಗಿ, ನಾನು ಔಷಧದಂಗಡಿಯಲ್ಲಿ ದುಡಿದವನು. ಮಾತ್ರೆ ಬದಲಿಸುವ ಮೊದಲು ಅದನ್ನು ಕೊಡುವ ಹೊತ್ತು ಬದಲಿಸಿ. ಕ್ಯಾಲ್ಸಿಯಂ ಜೊತೆಗಿದ್ದರೆ ಥೈರಾಯ್ಡ್ ಮಾತ್ರೆ ಮೈಗೆ ಸರಿಯಾಗಿ ಹಿಡಿಯುವುದಿಲ್ಲ, ಎರಡರ ನಡುವೆ 4 ಗಂಟೆ ಅಂತರ ಬೇಕು. ಕಾರ್ಬೊನೇಟ್ ಕರಗಲು ಜಠರದ ಆಮ್ಲ ಬೇಕು, ಅದಕ್ಕೇ ಊಟದ ಜೊತೆ ಕೊಡುವುದು. ಮಾತ್ರೆಯ ಪಟ್ಟಿಯ ಮೇಲೆ 1250 ಮಿಲಿಗ್ರಾಂ ಎಂದಿದ್ದರೆ ಗಾಬರಿ ಬೇಡ; ಅದರಲ್ಲಿ ಕ್ಯಾಲ್ಸಿಯಂ ಶೇ. 40, ಅಂದರೆ 500 ಮಾತ್ರ. ಒಂದು ಸಲಕ್ಕೆ ಅದಕ್ಕಿಂತ ಹೆಚ್ಚು ಕೊಟ್ಟರೆ ಹೀರಿಕೊಳ್ಳುವ ಪಾಲು ಇಳಿಯುತ್ತದೆ. ಸಿಟ್ರೇಟ್‌ನಲ್ಲಿ ಶೇ. 21 ಅಷ್ಟೇ, ಆದ್ದರಿಂದ ಹೆಚ್ಚು ಮಾತ್ರೆ ನುಂಗಬೇಕಾಗುತ್ತದೆ.

ಮುಲುಂಡಿನಿಂದ: ನಮ್ಮ ಅತ್ತೆಯವರು ಹುಳಿತೇಗಿಗೆಂದು ದಿನವೂ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಮಾತ್ರೆ ನುಂಗುತ್ತಾರೆ. ಆಮ್ಲವೇ ಕಡಿಮೆಯಾದರೆ ಕಾರ್ಬೊನೇಟ್ ಸರಿಯಾಗಿ ಕರಗದು ಎಂದು ವೈದ್ಯರೇ ಸಿಟ್ರೇಟ್‌ಗೆ ಬದಲಿಸಿದರು. ಮಲಬದ್ಧತೆಯೂ ತಗ್ಗಿತು. ನಿಮ್ಮ ತಾಯಿಯವರಿಗೂ ಅಂಥ ಮಾತ್ರೆ ಇದೆಯೇ, ನೋಡಿ. ಇಲ್ಲದಿದ್ದರೆ ಸುಮ್ಮನೆ ಹೆಚ್ಚು ದುಡ್ಡು ಯಾಕೆ?

ಮಾಟುಂಗದಿಂದ: ಇಷ್ಟೆಲ್ಲ ರಗಳೆ ಏಕೆ? 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ನಾಚಣಿ ಎಂದು ಕೇಳಿದರೆ ಇಲ್ಲಿನ ಕಿರಾಣಿ ಅಂಗಡಿಗಳಲ್ಲೂ ಸಿಗುತ್ತದೆ. ಮಜ್ಜಿಗೆ ಬೆರೆಸಿ ಅಂಬಲಿ ಮಾಡಿಕೊಡಿ.

ಠಾಣೆಯಿಂದ: ಅಂಬಲಿ ಧಾರಾಳವಾಗಿ ಕೊಡಿ, ಆದರೆ ಅದನ್ನು ನೆಚ್ಚಿ ವೈದ್ಯರು ಬರೆದ ಮಾತ್ರೆ ಬಿಡಿಸಬೇಡಿ. ಮೂಳೆ ಸವೆತ ಅಂಬಲಿಯೊಂದಕ್ಕೇ ಬಗ್ಗುವಂಥದ್ದಲ್ಲ.

ಗೋರೆಗಾಂವಿನಿಂದ: ಮೂತ್ರಪಿಂಡದಲ್ಲಿ ಕಲ್ಲಾಗಿದ್ದರೆ ವೈದ್ಯರಿಗೆ ಮೊದಲೇ ಹೇಳಿ. ವಿಟಮಿನ್ ಡಿ ಬಗ್ಗೆಯೂ ಕೇಳಿ. ಅದು ಕಡಿಮೆಯಿದ್ದರೆ ಕ್ಯಾಲ್ಸಿಯಂ ಎಷ್ಟು ನುಂಗಿದರೂ ಹೆಚ್ಚು ಹೀರುವುದಿಲ್ಲ. ನಮ್ಮ ಫ್ಲಾಟುಗಳಿಗೆ ಬಿಸಿಲು ಬೀಳುವುದು ಅಷ್ಟರಲ್ಲೇ ಇದೆ.

ಡೊಂಬಿವಲಿಯಿಂದ: ಆಮ್ಲದ ಮಾತ್ರೆ ಇಲ್ಲ, ಕಲ್ಲೂ ಇಲ್ಲ. ಮಧ್ಯಾಹ್ನ ನಾನು ಕಚೇರಿಯಲ್ಲಿರುತ್ತೇನೆ, ಅಮ್ಮ ಮರೆಯುತ್ತಾರೆ. ರಾತ್ರಿ ಊಟಕ್ಕೆ ಕೊಡಬಹುದೇ ಅಣ್ಣ?

ಠಾಣೆಯಿಂದ: ಕೊಡಬಹುದು. ದೊಡ್ಡ ಲೋಟದ ತುಂಬ ನೀರು ಕೊಡಿ, ಊಟದಲ್ಲಿ ಸೊಪ್ಪು ತರಕಾರಿ ಇರಲಿ. ಇನ್ನೊಂದು ವಿಷಯ: ಇಷ್ಟು ದಿನ ಒಟ್ಟಿಗೇ ಕೊಟ್ಟಿದ್ದೀರಿ, ಅಂತರ ಬಿಟ್ಟ ಮೇಲೆ ಥೈರಾಯ್ಡ್ ಮಾತ್ರೆ ಮೈಗೆ ಹೆಚ್ಚು ಹಿಡಿಯಬಹುದು. ಈ ಬದಲಾವಣೆಯನ್ನು ವೈದ್ಯರಿಗೆ ತಿಳಿಸಿ, 6–8 ವಾರಗಳಲ್ಲಿ ಟಿಎಸ್‌ಎಚ್ ಎಂಬ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ.