ಸಹಾಯ ಬೇಕು: ಅಣ್ಣನ ಅಂಗವೈಕಲ್ಯ ಪಿಂಚಣಿ ತಿರಸ್ಕಾರವಾಗಿದೆ

ಎಲ್ಲರಿಗೂ ನಮಸ್ಕಾರ. ಅಣ್ಣ ಸೇನೆಯ ಆರ್ಟಿಲರಿಯಲ್ಲಿದ್ದು ನಿವೃತ್ತನಾಗಿದ್ದಾನೆ. ವರ್ಷಗಟ್ಟಲೆ ತೋಪುಗಳ ಪಕ್ಕದಲ್ಲೇ ಕೆಲಸ. ಈಗ ಬಲಗಿವಿ ಪೂರ್ತಿ ಮಂದ. ಫೋನ್ ಎಡಗಿವಿಗೆ ಬದಲಾಯಿಸಿಕೊಂಡೇ ಮಾತಾಡುತ್ತಾನೆ, ಪಕ್ಕದಲ್ಲಿ ನಿಂತು ಕರೆದರೂ ತಿರುಗುವುದಿಲ್ಲ.

ಬಿಡುಗಡೆ ಸಮಯದ ಮೆಡಿಕಲ್ ಬೋರ್ಡ್ ಶೇ. 30 ವೈಕಲ್ಯ ಎಂದು ಒಪ್ಪಿದೆ. ಆದರೆ ಕೆಳಗೆ ಒಂದೇ ಸಾಲು: "ಸೇವೆಯಿಂದ ಆದದ್ದಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ". ಕಾರಣ ಬರೆದಿಲ್ಲ. ಸೇವಾ ಪಿಂಚಣಿ ಬರುತ್ತಿದೆ, ವೈಕಲ್ಯದ ಭಾಗ ಮಾತ್ರ ತಿರಸ್ಕಾರ. ಸೇರುವಾಗಿನ ತಪಾಸಣೆಯಲ್ಲಿ ಕಿವಿ ಸರಿಯಿತ್ತು ಅಂತ ಅವರದೇ ದಾಖಲೆ ಹೇಳುತ್ತದೆ. ಇದು ಅನ್ಯಾಯ ಅಲ್ವಾ?

2013ರ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸೇರುವಾಗ ಕಾಯಿಲೆಯ ಉಲ್ಲೇಖ ಇಲ್ಲದಿದ್ದರೆ ಅದು ಸೇವೆಯಿಂದಲೇ ಬಂದದ್ದು ಎಂದು ಭಾವಿಸಬೇಕು, ಇಲ್ಲ ಎನ್ನುವುದಾದರೆ ಬೋರ್ಡ್ ಕಾರಣ ಕೊಡಬೇಕು ಎಂದಿದೆ. ಮೊದಲ ಮೇಲ್ಮನವಿಯಲ್ಲಿ ಇದನ್ನು ಹೇಗೆ ಬರೆಯಬೇಕು? ಬೋರ್ಡ್‌ನ ಪೂರ್ತಿ ನಡಾವಳಿ, ಹಳೇ ಆಡಿಯೋಗ್ರಾಂ (ಕಿವಿ ಕೇಳಿಸುವ ಪರೀಕ್ಷೆಯ ವರದಿ) ಸೇನೆಯ ರೆಕಾರ್ಡ್ಸ್ ಆಫೀಸಿನಿಂದ ಆರ್‌ಟಿಐ ಹಾಕಿ ತರಿಸಿಕೊಂಡವರು ಇದ್ದೀರಾ? ಮೇಲ್ಮನವಿಯೂ ಬಿದ್ದುಹೋದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಲು ತಯಾರಿದ್ದೇವೆ. ಇಂಥ ಕೇಸ್ ನಡೆಸಿ ಅನುಭವ ಇರುವ ವಕೀಲರು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಅಣ್ಣ "ಸುಮ್ನೆ ಬಿಡು" ಅನ್ನುತ್ತಾನೆ. ನನಗೆ ಬಿಡಲು ಮನಸ್ಸಿಲ್ಲ.